ಭಟ್ಟರು ಸಮುದ್ರಕ್ಕೆ ಇಳಿದದ್ದು

ಮೊನ್ನೆ ನಮ್ಮ ಓಣಿಗೆ ನೀರಿನ ಟ್ಯಾಂಕರ್ ಬಂತು. ಹಳೆಯ ಪೈಪು ಬಿಸಿಲಿಗೆ ಸೀಳಿಹೋಗಿದ್ದರಿಂದ ಹಿಂದಿನ ದಿನವೇ ಹೊಸದೊಂದನ್ನು ತಂದಿಟ್ಟಿದ್ದೆ. ಅದರ ತುದಿಯನ್ನು ಡ್ರಮ್ಮಿನೊಳಗೆ ಇಳಿಬಿಟ್ಟು ಬಗ್ಗಿ ನಿಂತಾಗ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ, ಯಾಕೋ, ನಾಲಿಗೆಯ ಮೇಲೆ ಉಪ್ಪು ಆಡಿದಂತಾಯಿತು.

"ಡ್ರಮ್ ತುಂಬಿ ಹರೀಲತ್ತದ. ಎಲ್ಲಿ ನೋಡ್ಲತ್ತೀರಿ?" ಎಂದಳು ನನ್ನ ಹೆಂಡತಿ ಮಹಾದೇವಿ.

ನಾನು ನೋಡುತ್ತಿದ್ದದ್ದು ಸಮುದ್ರವನ್ನು. ಅದನ್ನು ಅವಳಿಗೆ ಹೇಳಲಿಲ್ಲ. ಸಂಭಾಜಿನಗರದ ಓಣಿಯಲ್ಲಿ ಟ್ಯಾಂಕರಿನ ಪೈಪು ಹಿಡಿದುಕೊಂಡು ಸಮುದ್ರದ ಮಾತೆತ್ತಿದರೆ ಅಕ್ಕಪಕ್ಕದವರು ಕಿಟಕಿ ತೆರೆದು ನೋಡುತ್ತಾರೆ. ನಿಮಗೆ ಹೇಳುತ್ತೇನೆ, ನಿಮಗೆ ಪುರುಸೊತ್ತಿದ್ದರೆ.

ನಾನು ಬೀದರ ಜಿಲ್ಲೆಯ ಭಾಲ್ಕಿಯವನು. ನಮ್ಮ ಕಡೆ ಕೆರೆಯಲ್ಲಿ ಈಜುವುದು ಎಮ್ಮೆಗಳು, ಮನುಷ್ಯರು ದಂಡೆಯ ಮೇಲೆ ಕೂತು ಅವು ಯಾವಾಗ ಏಳುತ್ತವೋ ಎಂದು ಕಾಯುತ್ತಾರೆ. ಬದುಕು ಹುಡುಕಿಕೊಂಡು ಮರಾಠಿ ಸೀಮೆಯ ಸಂಭಾಜಿನಗರಕ್ಕೆ ಬಂದು ಬಟ್ಟೆ ಅಂಗಡಿ ಇಟ್ಟ ಮೇಲೂ ನೀರಿನೊಂದಿಗೆ ನನ್ನ ಸಂಬಂಧ ದೊಡ್ಡದೇನೂ ಆಗಲಿಲ್ಲ. ಇಲ್ಲಿ ನಳಕ್ಕೆ ನೀರು ಬರುವ ದಿನ ಮನೆಯಲ್ಲಿ ಹಬ್ಬ, ಉಳಿದ ದಿನ ಡ್ರಮ್ಮಿಗೆ ಮುಚ್ಚಳ. ಇಂಥ ನಾನು ಮೂಗು ಮುಚ್ಚಿಕೊಂಡು, ಬಾಯಲ್ಲಿ ಕೊಳವೆ ಕಚ್ಚಿಕೊಂಡು ಕಡಲಿನಲ್ಲಿ ಮುಖ ಅದ್ದಿ ಮಲಗಿದ್ದೆನೆಂದರೆ ಅದಕ್ಕೆ ನಾಸಿಕದ ಭಟ್ಟರೇ ಕಾರಣ.

ಬಟ್ಟೆ ಕೊಳ್ಳಲು ನಾನು ಮಾಲೇಗಾಂವಿಗೆ ಹೋಗುತ್ತಿದ್ದೆ. ಮಗ್ಗಗಳ ಸದ್ದಿನಲ್ಲಿ ಅರ್ಧ ದಿನ ಕಳೆದು ಕಿವಿ ಗುಂಯ್ ಎನ್ನುತ್ತಿರುವಾಗಲೇ ನಾಸಿಕದ ಬಸ್ಸು ಹತ್ತುತ್ತಿದ್ದೆ. ನಾಸಿಕದಲ್ಲಿ ಕೆಲಸ ಇರುತ್ತಿದ್ದದ್ದು ಕಡಿಮೆ, ನೆಪಗಳು ಜಾಸ್ತಿ. ನಿಜವಾದ ಸೆಳೆತ ಪಂಚವಟಿ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಭಟ್ಟರ ಹೋಟೆಲು. ಇಡ್ಲಿಯ ಮೇಲೆ ಬೆರಳಿಟ್ಟರೆ ಬೆರಳು ನಾಚಿಕೊಳ್ಳಬೇಕು, ಅಷ್ಟು ಮೆತ್ತಗೆ. ಭಟ್ಟರು ಬೈಂದೂರಿನ ಹತ್ತಿರದ ಹಳ್ಳಿಯವರು, ಸೋದರಮಾವನ ಹೋಟೆಲಿಗೆಂದು ಚಿಕ್ಕ ವಯಸ್ಸಿನಲ್ಲೇ ನಾಸಿಕಕ್ಕೆ ಬಂದವರು. ಅವರ ಕನ್ನಡ ಮತ್ತು ನನ್ನ ಕನ್ನಡ ಮೊದಮೊದಲು ಎರಡು ಬೇರೆ ಭಾಷೆಗಳಂತೆ ಮುಖ ಮುಖ ನೋಡಿಕೊಂಡವು. ತೀರ ಅರ್ಥವಾಗದಿದ್ದಾಗ ಇಬ್ಬರೂ ಮರಾಠಿಗೆ ಹಾರಿ, ಕೆಲಸ ಮುಗಿಸಿಕೊಂಡು, ಮತ್ತೆ ನಮ್ಮ ನಮ್ಮ ಕನ್ನಡಕ್ಕೆ ಮರಳುತ್ತಿದ್ದೆವು.

ಗಿರಾಕಿ ಕಡಿಮೆಯಾಗುವ ಮಧ್ಯಾಹ್ನದ ಹೊತ್ತಿನಲ್ಲಿ ಭಟ್ಟರು ಕಾಫಿ ಹಿಡಿದುಕೊಂಡು ಬಂದು ನನ್ನೆದುರು ಕೂರುತ್ತಿದ್ದರು. ಆಮೇಲೆ ಸಮುದ್ರ ಶುರು.

"ಬಂಡೆ ಮೇಲಿಂದ ಹಾರುದು ಸಾಹುಕಾರ್ರೆ. ಉಸಿರು ಕಟ್ಟಿ ಕೆಳಗೆ ಹೋಗುದು. ಕಲ್ಲಿನ ಸಂದಿಯಲ್ಲಿ ಹಸಿರು ಮೀನು ಉಂಟು, ಗಿಳಿ ಹಾಗೆ. ಕೈ ಹಾಕ್ಲಿಕ್ಕಿಲ್ಲ, ಬರೀ ನೋಡುದು."

ಒಳಗೆ ಅಡುಗೆಯವನು ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದ. ಸಾಸಿವೆ ಚಟಪಟ ಸಿಡಿಯುವಾಗ ಭಟ್ಟರು ಬೆರಳೆತ್ತಿ ಸುಮ್ಮನಿರಿಸುತ್ತಿದ್ದರು. "ಕೇಳಿ. ಸಮುದ್ರದ ಒಳಗೆ ಹೀಗೇ ಕೇಳುದು." ಹೋಟೆಲಿನವರಿಗೆ ಎಲ್ಲೆಲ್ಲೂ ಒಗ್ಗರಣೆಯೇ ಕೇಳುತ್ತದೆ ಎಂದು ನಾನು ಮನಸ್ಸಿನಲ್ಲಿ ನಗುತ್ತಿದ್ದೆ. ಆದರೂ ಕೇಳುತ್ತಿದ್ದೆ. ಒಣ ಊರಿನವನಿಗೆ ಆ ಮಾತು ತಂಪು.

ವರ್ಷಗಳು ಹೋದವು. ಭಟ್ಟರ ಹೆಂಡತಿ ಸುಮತಿಯಮ್ಮ ತೀರಿಕೊಂಡರು. ನಾನು ಮಾತಾಡಿಸಲು ಹೋದಾಗ ಭಟ್ಟರು ಕಾಫಿ ತಂದಿಟ್ಟರು, ಎದುರು ಕೂತರು, ರಸ್ತೆ ನೋಡಿದರು. ಒಳಗೆ ಸಾಸಿವೆ ಸಿಡಿಯಿತು. ಅವರ ಬೆರಳು ಮೇಲೇಳಲಿಲ್ಲ. ಮುಂದಿನ ಸಲ ಹೋದಾಗಲೂ ಹಾಗೆಯೇ. ಹೋಟೆಲನ್ನು ಮಗಳು ಅಶ್ವಿನಿ ನೋಡಿಕೊಳ್ಳತೊಡಗಿದ್ದಳು. ಅವಳು ಹುಟ್ಟಿದ್ದು, ಓದಿದ್ದು ಎಲ್ಲ ನಾಸಿಕದಲ್ಲಿ. ಅವಳ ಬಾಯಲ್ಲಿ ಕನ್ನಡ ಎರಡು ಹೆಜ್ಜೆ ನಡೆದು ಮರಾಠಿಯ ಕೈ ಹಿಡಿಯುತ್ತದೆ.

ಒಂದು ದಿನ ಅವಳೇ ಫೋನು ಮಾಡಿದಳು. "ಕಾಕಾ, ಅಪ್ಪ ಸಮುದ್ರದ ಮಾತು ಬಿಟ್ಟೇ ಬಿಟ್ಟಿದ್ದಾರೆ. ಆಪಣ್ ಅವ್ರನ್ನ ಸಮುದ್ರಕ್ಕೆ ಕರ್ಕೊಂಡು ಹೋಗೋಣ ನಾ. ಮಾಲವಣ ಹತ್ರ ಗೈಡ್ ಇದ್ದಾರೆ, ಕಯಾಕ್‌ನಲ್ಲಿ ಬಂಡೆಗಳ ಹತ್ರ ಕರ್ಕೊಂಡು ಹೋಗಿ ನೀರೊಳಗೆ ತೋರಿಸ್ತಾರೆ. ಅಪ್ಪ ಹೂಂ ಅಂದ್ರು. ಆದರೆ ನೀವು ಬಂದ್ರೆ ಮಾತ್ರ ಅಂತೆ."

ಸಮುದ್ರದ ಮನುಷ್ಯನಿಗೆ ಭಾಲ್ಕಿಯವನ ಆಸರೆ ಏಕೆ ಬೇಕಾಯಿತೆಂದು ನನಗೆ ಅರ್ಥವಾಗಲಿಲ್ಲ. ನನ್ನ ಮೇಲಿನ ವಿಶ್ವಾಸ ಎಂದುಕೊಂಡು ಉಬ್ಬಿದೆ.

ಮಳೆಗಾಲ ಮುಗಿದು ನೀರು ತಿಳಿಯಾಗಿದ್ದ ದಿನಗಳವು. ಮಾಲವಣದಿಂದ ದಕ್ಷಿಣಕ್ಕೆ, ಕಪ್ಪು ಬಂಡೆಗಳು ಕಡಲಿಗೆ ಕಾಲು ಚಾಚಿ ಕೂತಿರುವ ಒಂದು ಚಿಕ್ಕ ದಂಡೆ. ಮರಳಿನ ಮೇಲೆ ಹಳದಿ ಬಣ್ಣದ ಕಯಾಕ್‌ಗಳು ಬಿಸಿಲು ಕಾಯುತ್ತಿದ್ದವು. ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ ತಿರುಳು ತೆಗೆದಂತಹ ದೋಣಿ ಅದು. ನನ್ನ ಹೊಟ್ಟೆ ಅದರಲ್ಲಿ ಹಿಡಿಸುವುದೇ ಎಂಬ ಚಿಂತೆ ನನಗೆ. ನಮ್ಮ ಗೈಡ್ ಪ್ರಸಾದ್, ಅಲ್ಲಿಯವನೇ, ಮೆಲುದನಿಯ ತರುಣ. ಎಲ್ಲರಿಗೂ ಲೈಫ್ ಜಾಕೆಟ್ ಬಿಗಿಯುತ್ತ ಮರಾಠಿಯಲ್ಲಿ ಒಬ್ಬೊಬ್ಬರನ್ನೇ ಕೇಳುತ್ತಿದ್ದ, ಈಜು ಬರುತ್ತದೆಯೇ ಎಂದು.

ನಾನು ಬರುವುದಿಲ್ಲ ಎಂದೆ. ಭಟ್ಟರ ಸರದಿ ಬಂದಾಗ ಅಶ್ವಿನಿಯೇ ಮುಂದಾಗಿ, ನಮ್ಮ ಅಪ್ಪನನ್ನೇನು ಕೇಳುತ್ತೀರಿ, ಅವರು ಬೆಳೆದದ್ದೇ ಸಮುದ್ರದಲ್ಲಿ ಎಂದಳು. ಜೊತೆಗೆ ಬಂದಿದ್ದ ಅವಳ ಗೆಳತಿಯರು ಭಟ್ಟರ ಕಡೆ ಗೌರವದಿಂದ ನೋಡಿದರು.

ಭಟ್ಟರು ಜಾಕೆಟ್ಟಿನ ಪಟ್ಟಿಯನ್ನು ಹಿಡಿದುಕೊಂಡೇ, "ಇಲ್ಲ. ನನಗೆ ಬರುದಿಲ್ಲ," ಎಂದರು. "ನಾನು ಸಮುದ್ರಕ್ಕೆ ಇಳಿದವನೇ ಅಲ್ಲ."

ಅಶ್ವಿನಿ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಮಗ್, ಮತ್ತೆ ಅದೆಲ್ಲ? ಬಂಡೆಯಿಂದ ಹಾರೋದು, ಹಸಿರು ಮೀನು? ನಾನು ಚಿಕ್ಕವಳಿದ್ದಾಗ ದಿನಾ ಹೇಳ್ತಾ ಇದ್ರಲ್ಲ ಅಪ್ಪಾ?"

ಭಟ್ಟರು ಜಾಕೆಟ್ ಬಿಚ್ಚಿ ಮರಳಿನ ಮೇಲಿಟ್ಟು, ಚೀಲಗಳನ್ನು ತಾನು ನೋಡಿಕೊಳ್ಳುವುದಾಗಿ ಹೇಳಿ, ಗಾಳಿಮರದ ನೆರಳಿಗೆ ಹೋಗಿ ಕೂತರು. ಅಶ್ವಿನಿ ನೀರಿನಂಚಿಗೆ ನಡೆದು ನಮಗೆ ಬೆನ್ನು ಹಾಕಿ ನಿಂತಳು. ತಿಂಗಳುಗಟ್ಟಲೆ ಯೋಚಿಸಿ ಆ ಹುಡುಗಿ ಅಪ್ಪನನ್ನು ಅಪ್ಪನ ಸಮುದ್ರಕ್ಕೆ ತಂದು ನಿಲ್ಲಿಸಿದ್ದಳು. ಈಗ ನೋಡಿದರೆ ಸಮುದ್ರ ಅಪ್ಪನದಾಗಿರಲಿಲ್ಲ. ಪ್ರಸಾದ್ ಅವಸರ ಮಾಡಲಿಲ್ಲ, ಹುಟ್ಟುಗಳನ್ನು ಒಂದೊಂದಾಗಿ ಒರೆಸುತ್ತ ಕೂತ.

ನಾನು ಭಟ್ಟರ ಪಕ್ಕದಲ್ಲಿ ಕೂತೆ. ಮರಳಿನಲ್ಲಿ ಗೆರೆ ಎಳೆದೆ.

"ಮಂಜ ಅಂತ ಇದ್ದ," ಎಂದರು ಭಟ್ಟರು, ಕಡಲಿನತ್ತ ನೋಡುತ್ತ. "ಶಾಲೆಯಲ್ಲಿ ನನ್ನ ಪಕ್ಕ ಕೂತ್ಕೊಳ್ಳುವವ. ಅವರ ಮನೆಯವರೆಲ್ಲ ದೋಣಿಯವರು. ನಮ್ಮಪ್ಪ ದೇವಸ್ಥಾನದ ಅಡುಗೆಗೆ ಹೋಗುವವರು, ನಮಗೆ ನೀರು ಅಂದ್ರೆ ಬಾವಿಕಟ್ಟೆ. ಸಮುದ್ರದ ಸದ್ದು ಕೇಳ್ತಾ ಮಲಗುದು, ಅಷ್ಟೆ. ಇಳಿಯಲಿಕ್ಕೆ ಬಿಡ್ತಿರ್ಲಿಲ್ಲ. ಬಂಡೆ, ಮೀನು, ಎಲ್ಲ ಮಂಜ ಹೇಳಿದ್ದು. ದಿನಾ ಹೇಳುವ. ನಾನು ಕೇಳುವುದು."

"ಮುಂದ?"

"ಒಂದು ದಿನ, ನಾಳೆ ಇಳಿತ ಉಂಟು, ಬಾ, ನಾನು ಹಿಡ್ಕೊಳ್ತೇನೆ ಅಂದ. ಬರ್ತೇನೆ ಅಂದೆ. ಅವತ್ತು ಸಂಜೆಯೇ ಮಾವ ಬಂದ್ರು. ಬೆಳಿಗ್ಗೆ ನಾನು ಬಸ್ಸಲ್ಲಿ. ಆಮೇಲೆ ಊರಿಗೆ ಹೋದಾಗ ಅವರ ಮನೆಯವರು ಗೋವಾ ಕಡೆ ಹೋಗಿದ್ರು. ಮತ್ತೆ ಸಿಗ್ಲಿಲ್ಲ." ಅಂಗೈಗಂಟಿದ ಮರಳು ಕೊಡವಿ, "ಸುಮತಿಗೆ ಗೊತ್ತಿತ್ತು," ಎಂದರು. "ನಾನು ಹೇಳುವಾಗ ಒಳಗಿಂದ ಕೇಳಿ ನಗ್ತಿದ್ಲು. ಈಗ ಹೇಳಿದ್ರೆ ಯಾರು ನಗ್ತಾರೆ?"

ನಾನು ಹಿಂದಿನ ಮಧ್ಯಾಹ್ನಗಳನ್ನೆಲ್ಲ ಮನಸ್ಸಿನಲ್ಲಿ ಮಗುಚಿ ಹಾಕಿದೆ. ಹಾರುದು, ಹೋಗುದು, ನೋಡುದು. ಯಾರು ಹಾರುವುದು, ಯಾರು ನೋಡುವುದು ಎಂದು ಭಟ್ಟರು ಒಂದು ಸಲವೂ ಹೇಳಿರಲಿಲ್ಲ. ನಾವೇ ಆ ಕಥೆಯೊಳಗೆ ಅವರನ್ನು ತಂದು ಕೂರಿಸಿದ್ದೆವು, ಅವರು ಎದ್ದುಹೋಗಿರಲಿಲ್ಲ, ಅಷ್ಟೆ.

"ಬರ್ತೀನಂತ ಮಾತು ಕೊಟ್ಟೀರಿ," ಎಂದೆ. "ಒಂದೀಟು ತಡಾ ಆಗ್ಯಾದ. ನಡೀರಿ ಭಟ್ಟರ. ನನಗೂ ಈಜು ಬರಲ್ಲ. ಇಬ್ಬರೂ ಕೂಡೇ ಅಂಜಮ್ರಿ."

ಭಟ್ಟರು ನನ್ನನ್ನು ನೋಡಿದರು. ಸುಮತಿಯಮ್ಮ ಹೋದ ಮೇಲೆ ಮೊದಲ ಸಲ ಅವರ ತುಟಿಯ ತುದಿ ಸ್ವಲ್ಪ ಸಡಿಲಿತು. "ನೀವು ಮುಳುಗಿದ್ರೆ ನಿಮ್ಮ ಹೆಂಡತಿಗೆ ನಾನು ಎಂತ ಹೇಳುದು ಮಾರಾಯ್ರೆ?" ಎನ್ನುತ್ತ ಎದ್ದು ಜಾಕೆಟ್ ಮತ್ತೆ ತೊಟ್ಟರು.

ನಮ್ಮಿಬ್ಬರನ್ನೂ ಒಂದೇ ಕಯಾಕ್‌ನಲ್ಲಿ ಕೂರಿಸಿದ ಪ್ರಸಾದ್. ಮುಂದೆ ಭಟ್ಟರು, ಹಿಂದೆ ನಾನು. ಅವರು ಬಲಕ್ಕೆ ಹುಟ್ಟು ಹಾಕಿದರೆ ನಾನು ಎಡಕ್ಕೆ, ನಾನು ನಿಲ್ಲಿಸಿದರೆ ಅವರು ಶುರು. ದಂಡೆಯಿಂದ ಕೂಗಳತೆ ದೂರದಲ್ಲಿ ನಾವು ಗಿರಣಿಯ ಕಲ್ಲಿನಂತೆ ತಿರುಗತೊಡಗಿದೆವು. ಹುಟ್ಟುಗಳು ಒಂದಕ್ಕೊಂದು ಬಡಿದುಕೊಂಡವು. ನಾನು ನನ್ನ ಕನ್ನಡದಲ್ಲಿ, ಅವರು ಅವರ ಕನ್ನಡದಲ್ಲಿ ಪರಸ್ಪರ ಆಜ್ಞೆ ಕೊಟ್ಟುಕೊಂಡೆವು, ಯಾರೂ ಪಾಲಿಸಲಿಲ್ಲ. ಕೊನೆಗೆ ಪ್ರಸಾದ್ ಪಕ್ಕಕ್ಕೆ ಬಂದು ಮರಾಠಿಯಲ್ಲಿ ಎಣಿಸತೊಡಗಿದ. ಇಬ್ಬರಿಗೂ ಸಮಾನವಾಗಿ ಅರ್ಥವಾಗುವ ಭಾಷೆ ಸಿಕ್ಕಿತು, ದೋಣಿ ನೆಟ್ಟಗಾಯಿತು. ಮುಂದಿನ ಕಯಾಕ್‌ನಿಂದ ಅಶ್ವಿನಿ ತಿರುಗಿ ತಿರುಗಿ ನೋಡುತ್ತಿದ್ದಳು.

ಎರಡು ದೊಡ್ಡ ಬಂಡೆಗಳ ನಡುವೆ ಅಲೆಗಳು ಒಳಗೆ ಬಾರದ ಒಂದು ಶಾಂತವಾದ ಜಾಗವಿತ್ತು. ಅಲ್ಲಿ ಪ್ರಸಾದ್ ಒಂದು ತೇಲುವ ಬಳೆಯನ್ನು ನೀರಿಗೆ ಹಾಕಿ, ಮೂಗನ್ನೂ ಮುಚ್ಚುವ ಕನ್ನಡಕ ತೊಡಿಸಿ, ಕೊಳವೆಯನ್ನು ಬಾಯಿಗೆ ಕೊಟ್ಟ. ಹೊಸ ರಬ್ಬರಿನ ಆ ರುಚಿ. ಮೊದಲು ಇಳಿದವನು ನಾನು, ಶೌರ್ಯದಿಂದಲ್ಲ, ಕಯಾಕ್‌ನಿಂದ ಏಳಲು ಹೋಗಿ ಜಾರಿ. ಒಂದು ಬೊಗಸೆ ಸಮುದ್ರ ಗಂಟಲಿಗೆ ಹೋಯಿತು. ಇಷ್ಟೊಂದು ನೀರು, ಒಂದು ಗುಟುಕೂ ಕುಡಿಯಲು ಬಾರದ್ದು ಎಂಬ ಸಿಟ್ಟು ಆ ಕೆಮ್ಮಿನ ನಡುವೆಯೂ ಬಂತು. ಪ್ರಸಾದ್ ನನ್ನ ಕೈಯನ್ನು ಬಳೆಯ ಮೇಲಿಟ್ಟು, ನಿಧಾನ ಕಾಕಾ, ಉಸಿರು ಬಿಡಿ ಎಂದ. ಬಿಟ್ಟೆ. ಮುಖ ಅದ್ದಿದೆ.

ನಿಮಗೆ ಹೇಗೆ ಹೇಳಲಿ? ನನ್ನ ಅಂಗಡಿಯಲ್ಲಿ ರಾಶಿ ರಾಶಿ ಬಣ್ಣಗಳಿವೆ. ಅವು ಮಡಿಸಿಟ್ಟ ಬಣ್ಣಗಳು. ಇಲ್ಲಿ ಬಣ್ಣಗಳಿಗೆ ಉಸಿರಿತ್ತು. ಹಳದಿ ಪಟ್ಟೆಯ ಮೀನುಗಳು ನನ್ನ ಹೊಟ್ಟೆಯ ಕೆಳಗೇ ಹಾದುಹೋದವು, ನನ್ನ ಪರಿವೆಯೇ ಇಲ್ಲದೆ. ಆಮೇಲೆ ಕೇಳಿಸಿತು. ಸಣ್ಣಗೆ, ಎಲ್ಲ ಕಡೆಯಿಂದ, ಚಟಪಟ, ಚಟಪಟ. ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಸದ್ದು. ನಾನು ಗಾಬರಿಯಿಂದ ತಲೆ ಎತ್ತಿದೆ. ಬಂಡೆಯ ಸಂದಿಗಳಲ್ಲಿ ಚಿಕ್ಕ ಸೀಗಡಿಗಳಿವೆ, ಅವು ಕೊಂಡಿ ಬಡಿಯುವ ಸದ್ದು ಅದು ಎಂದ ಪ್ರಸಾದ್.

ಆ ಹೊತ್ತಿಗೆ ಭಟ್ಟರು ನೀರಿನಲ್ಲಿದ್ದರು. ಒಂದು ಕೈ ಬಳೆಯ ಮೇಲೆ, ಇನ್ನೊಂದನ್ನು ಅಶ್ವಿನಿ ಹಿಡಿದುಕೊಂಡಿದ್ದಳು. ಯಾವಾಗ ಬಂದು ಹಿಡಿದಳೋ ನಾನು ನೋಡಲಿಲ್ಲ. ಭಟ್ಟರ ಜಾಕೆಟ್ ತೊಟ್ಟ ಬೆನ್ನು ನೀರಿನ ಮೇಲೆ ಅಲ್ಲಾಡದೆ ನಿಂತಿತ್ತು. ಬಹಳ ಹೊತ್ತು. ನನಗೆ ಭಯವಾಗಿ ಪ್ರಸಾದ್‌ನ ಮುಖ ನೋಡಿದೆ. ಅವನು ಕೊಳವೆಯ ತುದಿಯತ್ತ ಕಣ್ಣು ತೋರಿಸಿದ. ಉಸಿರು ಬರುತ್ತಿತ್ತು, ಹೋಗುತ್ತಿತ್ತು, ನೆಮ್ಮದಿಯಿಂದ.

ಕೊನೆಗೆ ತಲೆ ಎತ್ತಿ ಭಟ್ಟರು ಕೊಳವೆಯನ್ನು ಬಾಯಿಂದ ತೆಗೆದರು. ಕನ್ನಡಕದೊಳಗೆ ನೀರು ತುಂಬಿತ್ತು, ಕಡಲಿನದೋ ಕಣ್ಣಿನದೋ ನಾನು ವಿಚಾರಿಸಲಿಲ್ಲ.

"ಮಂಜ ಹೇಳಿದ್ದು ಸತ್ಯ," ಎಂದರು. "ಬಣ್ಣ ಮಾತ್ರ ಕಮ್ಮಿ ಹೇಳಿದ್ದ."

"ಮಂಜ ಯಾರು ಅಪ್ಪಾ?" ಎಂದಳು ಅಶ್ವಿನಿ.

ಇಬ್ಬರೂ ನೀರಿನಿಂದ ಮೇಲೆ ಬಂದು ಬಂಡೆಯ ಒಂದು ಅಂಚಿನಲ್ಲಿ ಕೂತರು. ಭಟ್ಟರು ಹೇಳತೊಡಗಿದರು. ನಾನು ದೂರದಲ್ಲಿ ತೇಲುತ್ತಿದ್ದೆ, ಮಾತು ಕೇಳಿಸುತ್ತಿರಲಿಲ್ಲ. ಅವರ ಕೈಗಳು ಮಾತ್ರ ಕಾಣುತ್ತಿದ್ದವು, ಮೇಲಿಂದ ಕೆಳಕ್ಕೆ, ಸಂದಿಯೊಳಕ್ಕೆ. ನಡುವೆ ಒಮ್ಮೆ ಅಶ್ವಿನಿ ಜೋರಾಗಿ ನಕ್ಕಳು. ಭಟ್ಟರು ಮಾತು ನಿಲ್ಲಿಸಿ ಅವಳ ಮುಖವನ್ನೇ ನೋಡಿದರು. ಆಮೇಲೆ ಮತ್ತೆ ಹೇಳಲು ಹಿಡಿದರು, ಈ ಸಲ ಇನ್ನೂ ಉತ್ಸಾಹದಿಂದ.

ಆ ಮೇಲೆ ನಾಸಿಕಕ್ಕೆ ಹೋದಾಗಲೆಲ್ಲ ಮಧ್ಯಾಹ್ನದ ಕಾಫಿಗೆ ಮಾತು ಮರಳಿತು. ಕಥೆಗಳು ಅವೇ. ಮಂಜನ ಹೆಸರು ಮಾತ್ರ ಮೊದಲು ಬರುತ್ತದೆ, ಕೊನೆಗೆ ನಾನು ಕಯಾಕ್‌ನಿಂದ ಜಾರಿ ಬಿದ್ದದ್ದು ಬರುತ್ತದೆ. ಪ್ರತಿ ಸಲವೂ ನಾನು ಸ್ವಲ್ಪ ಹೆಚ್ಚು ಎತ್ತರದಿಂದ ಬೀಳುತ್ತೇನೆ. ಇರಲಿ. ಪಕ್ಕದ ಮೇಜಿನವರು ನಗುತ್ತಾರೆ.

ಮೊನ್ನೆ ಟ್ಯಾಂಕರ್ ಹೋದ ಮೇಲೆ ಚಹಾ ಕುಡಿಯುತ್ತ ಕೂತಿದ್ದೆವು. ಆಗಲೇ ಭಟ್ಟರ ಫೋನು. ಅವರ ಊರಿನ ಬಂಡೆಗಳ ಹತ್ತಿರವೂ ಈಗ ಹೀಗೆ ಕರೆದುಕೊಂಡು ಹೋಗುವವರಿದ್ದಾರಂತೆ. ಬರುವ ತಿಂಗಳು ಹೊರಡುವುದಂತೆ. ಬರ್ತೀನಿ ಎಂದು ಹೇಳಿ ಫೋನು ಇಟ್ಟೆ. ಮಹಾದೇವಿ ಚಹಾದ ಬಸಿ ಎತ್ತಿಕೊಂಡು ಒಳಗೆ ಹೊರಟವಳು ಬಾಗಿಲಲ್ಲಿ ನಿಂತಳು.

ಮದುವೆಯಾದಾಗಿನಿಂದ ಇವಳು ಎಲ್ಲಿಗಾದರೂ ಹೋಗೋಣ ಎಂದವಳಲ್ಲ. ಹತ್ತಿರದ ವೇರೂಳಿನ ಗುಹೆಗಳಿಗೆ ಹೋದರೂ ಬಂದ ನೆಂಟರಿಗೆ ತೋರಿಸಲೆಂದೇ ಹೋದದ್ದು. ಮಾಲವಣದ ಸುದ್ದಿಯನ್ನು ಅವಳಿಗೆ ಎಷ್ಟು ಸಲ ಹೇಳಿದ್ದೇನೋ. ರೊಟ್ಟಿ ತಟ್ಟುತ್ತ ಕೇಳಿಸಿಕೊಂಡಿದ್ದಳು, ಅಷ್ಟೇ ಎಂದುಕೊಂಡಿದ್ದೆ.

"ಅಲ್ರೀ," ಎಂದಳು, ಬಸಿಯನ್ನು ಸೆರಗಿನಿಂದ ಒರೆಸುತ್ತ. "ಅಲ್ಲಿ ಸೀರಿ ಉಟ್ಕೊಂಡು ಇಳೀಲಾಕ ಬರ್ತದೇನು?"

ಹಿಂದಿನ ನಾನಾಗಿದ್ದರೆ ಬರುವುದಿಲ್ಲ ಎಂದು ಥಟ್ಟನೆ ಹೇಳಿ, ಎಲ್ಲ ತಿಳಿದವನಂತೆ ಪೇಪರು ಬಿಡಿಸುತ್ತಿದ್ದೆ.

"ಗೊತ್ತಿಲ್ಲ," ಎಂದೆ. "ಕೇಳಮ್."

ಪ್ರಸಾದ್‌ಗೆ ಫೋನು ಹಚ್ಚಿದೆ. ಅತ್ತ ರಿಂಗಾಗುತ್ತಿತ್ತು. ಮಹಾದೇವಿ ಬಸಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ನನ್ನ ಪಕ್ಕಕ್ಕೆ ಬಂದು, ತಾನೂ ಫೋನಿಗೆ ಕಿವಿ ಹಚ್ಚಿ ನಿಂತಳು.