ಜೀವಕ ಎಂದರೆ ಬದುಕಿದ್ದಾನೆ

ಯಾರಾದರೂ ಹೆಸರು ಹೇಳಿದರೆ ಅದರ ಅರ್ಥ ಹೇಳದೆ ನನಗೆ ಇರಲಾಗುವುದಿಲ್ಲ. ಕೆಲವರಿಗೆ ತಂಬಾಕಿನ ಚಟ, ಕೆಲವರಿಗೆ ಇಸ್ಪೀಟಿನದು, ನನಗೆ ಇದು. ಬಸ್ಸಿನಲ್ಲಿ ಪಕ್ಕ ಕೂತವರು ಅಪ್ಪಿತಪ್ಪಿ ಹೆಸರು ಹೇಳಿದರೆ ಉಮರ್ಗಾದಲ್ಲಿ ಹತ್ತಿ ನಿಲಂಗಾದಲ್ಲಿ ಇಳಿಯುವವರೆಗೆ ಅವರಿಗೆ ಬಿಡುಗಡೆ ಇಲ್ಲ. "ನಿಮ್ಮ ಮುಂದ ಹೆಸರ ಹೇಳೂದಂದ್ರ ಹಾದಿಗಿ ಹೋಗೂ ಮಾರೀನ ಮನಿಗಿ ಕರದಂಗ" ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಿವೃತ್ತ ಮಾಸ್ತರನ ಮಾತು ಕೇಳುವವರು ಬಸ್ಸಿನಲ್ಲಲ್ಲದೆ ಇನ್ನೆಲ್ಲಿ ಸಿಗುತ್ತಾರೆ, ನೀವೇ ಹೇಳಿ.

ಈ ಚಟ ಹತ್ತಿಸಿದವರು ಕಚರೂ ಗುರೂಜಿ. ಮರಾಠಿ ಗಡಿಯೊಳಗಿನ ಔರಾದ ಶಹಾಜನಿಯ ಶಾಲೆಗೆ ನಾವಿಬ್ಬರೂ ಒಂದೇ ವರ್ಷ ಮಾಸ್ತರರಾಗಿ ಬಂದೆವು. ನಾನು ವಲಾಂಡಿಯ ಲಿಂಗವಂತರ ಒಕ್ಕಲುತನದ ಮನೆಯವನು. ಅವರು ಉದಗೀರಿನ ಬೌದ್ಧರು. ಕಚರೂ ಎಂದರೆ ಮರಾಠಿಯಲ್ಲಿ ಕಸ. ಅವರಿಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ಉಳಿದಿರಲಿಲ್ಲವಂತೆ. ನಾಲ್ಕನೆಯದರ ಮೇಲೆ ಸಾವಿನ ಕಣ್ಣು ಬೀಳದಿರಲೆಂದು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು, ಆ ಹೆಸರಿಟ್ಟರು. ನಮ್ಮಲ್ಲಿ ತಿಪ್ಪಣ್ಣ ಇಲ್ಲವೇ, ಹಾಗೆ. ಒಂದು ದಿನ ನಾನು ಸಂಕೋಚಪಡುತ್ತಲೇ, ಹೆಸರು ಬದಲಿಸಿಕೊಳ್ಳಬಾರದೇ ಎಂದು ಕೇಳಿದೆ. ಅವರು ಚಹಾ ಬಸಿಗೆ ಸುರಿದುಕೊಂಡು ನಕ್ಕರು.

"ಯಾಕ ಬದಲ್ ಮಾಡ್ಲಿ? ಭಗವಾನರಿಗಿ ಔಷಧ ಕೊಟ್ಟ ವೈದ್ಯ ಇದ್ದನಲ್ಲ, ಅಂವಾನೂ ತಿಪ್ಪ್ಯಾಗೇ ಸಿಕ್ಕಾಂವಾ. ಸುತ್ತಾ ಕಾಗಿ ಕುಂತಿದ್ವು. ರಾಜಕುಮಾರ ಹಾದು ಹೋಗಾವಾ, ಜೀವ ಅದ ಏನು ಅಂತ ಕೇಳ್ದ. ಅದ ಅಂದ್ರು. ಅದಕ್ಕ ಜೀವಕ ಅಂತ ಹೆಸರಾತು. ನಾ ಕಸ, ಅಂವಾ ಜೀವ. ಇಬ್ಬರ ತಿಪ್ಪಿ ಒಂದೇ."

ಅಂದಿನಿಂದ ನಾನು ಅವರ ಶಿಷ್ಯ. ಬೌದ್ಧರ ಹಳೆಯ ಹೆಸರುಗಳು ನಮ್ಮ ನಿಮ್ಮಂತೆ ಧೂಳು ಮೆತ್ತಿಕೊಂಡವು ಎಂದು ಅವರಿಂದಲೇ ತಿಳಿದೆ. ಸಾರಿಪುತ್ರ ಎಂದರೆ ಸಾರಿಯ ಮಗ. ಅಷ್ಟು ದೊಡ್ಡ ಜ್ಞಾನಿಗೆ ಅವ್ವನ ಹೆಸರೇ ಗುರುತು. ಪಂಥಕ ಎಂದರೆ ದಾರಿಯವನು. ತವರಿಗೆ ಹೊರಟ ಬಸುರಿ ನಡುದಾರಿಯಲ್ಲೇ ಹೆತ್ತಳು. ಮಗ ಹುಟ್ಟಿದ ಸುದ್ದಿ ಬಂದಾಗ ಸಿದ್ಧಾರ್ಥ 'ಬಂಧನ ಹುಟ್ಟಿತು' ಎಂದನಂತೆ, ಅದೇ ರಾಹುಲನಾಯಿತು. ರಾಹುವಿನಿಂದ ಬಂದದ್ದು ಎನ್ನುವ ಪಂಡಿತರೂ ಇದ್ದಾರೆ, ಇರಲಿ. ಮಗ ಶಾಲೆ ತಪ್ಪಿಸುತ್ತಾನೆಂದು ದೂರು ತಂದ ತಾಯಿಯೊಬ್ಬಳಿಗೆ ಗುರೂಜಿ, "ರಾಹುಲ ಅಂತ ನೀವೇ ಇಟ್ಟೀರಿ, ಈಗ ಅತ್ರ ಹ್ಯಾಂಗ ಅವ್ವಾ?" ಎಂದಿದ್ದರು. ಬೆರಳು ಕಡಿದು ಮಾಲೆ ಮಾಡಿಕೊಂಡ ಅಂಗುಲಿಮಾಲನಿಗೆ ಮನೆಯವರು ಇಟ್ಟ ಹೆಸರು ಅಹಿಂಸಕ. ಇದನ್ನು ಕೇಳಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ವಲಾಂಡಿಯ ಶಾಂತಪ್ಪ ಬದುವಿನ ಜಗಳದಲ್ಲಿ ಎರಡು ತಲೆ ಒಡೆದಿದ್ದ. ಆನಂದನ ಕಥೆ ಮಾತ್ರ ಗುರೂಜಿ ಮೆಲ್ಲಗೆ ಹೇಳುತ್ತಿದ್ದರು. ಹುಟ್ಟಿದಾಗ ಬಂಧುಬಳಗಕ್ಕೆಲ್ಲ ಆನಂದ ತಂದವನು, ಗುರುವಿನ ಕೊನೆಗಾಲದಲ್ಲಿ ಬಾಗಿಲಿಗೆ ಒರಗಿ ನಿಂತು ಅತ್ತನಂತೆ.

ಇಷ್ಟೆಲ್ಲ ಕಲಿತ ಮೇಲೆ ಮನುಷ್ಯರನ್ನೂ ಅರ್ಥ ಮಾಡಿಕೊಂಡೆ ಎಂದು ನನಗೆ ಸೊಕ್ಕು ಬಂತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನಮ್ಮ ಈ ಸೀಮೆಯಲ್ಲಿ ಹೆಸರಿನ ಅರ್ಥ ಯಾರಿಗೂ ಬೇಕಿಲ್ಲ. ಹೆಸರು ಹೇಳಿದ ಕೂಡಲೇ "ಪೂರಾ ಹೆಸರ ಹೇಳ್ರಿ" ಎನ್ನುತ್ತಾರೆ. ಬೇಕಾದದ್ದು ಆಡನಾವ, ಅಂದರೆ ಮನೆತನದ ಅಡ್ಡಹೆಸರು. ಅದು ಸಿಕ್ಕರೆ ಕೇರಿ ಗೊತ್ತಾಗುತ್ತದೆ, ಬಾವಿ ಗೊತ್ತಾಗುತ್ತದೆ, ಚಹಾ ಯಾವ ಲೋಟದಲ್ಲಿ ಕೊಡಬೇಕು ಎನ್ನುವುದೂ ಗೊತ್ತಾಗುತ್ತದೆ. ಇಂಥವರನ್ನು ಕಂಡರೆ ನಾನು ಮೂಗು ಮುರಿಯುತ್ತಿದ್ದೆ. ಉಮರ್ಗಾದ ನಮ್ಮ ಮನೆಯ ಬಾಗಿಲ ಮೇಲೆ ಜಾತಿ ಬೇಡವೆಂದ ಶರಣರ ಚಿತ್ರ ಹಾಕಿದ್ದೇನೆ, ದಿನವೂ ಧೂಳು ಒರೆಸುತ್ತೇನೆ.

ಹೋದ ವರ್ಷ ಮಾಳಿಗೆಯ ಮೇಲಿನ ಖೋಲಿ ಖಾಲಿಯಾಯಿತು. ಬಾಡಿಗೆಗೆ ಇದೆ ಎಂದು ಗೇಟಿಗೆ ಬೋರ್ಡು ಕಟ್ಟಿದೆ. ಒಂದು ಬೆಳಿಗ್ಗೆ ಫೋನ್ ಬಂತು.

"ಕಾಕಾ, ನಮಸ್ಕಾರ ರೀ. ಖೋಲಿ ಇನ್ನಾ ಖಾಲಿ ಅದ ಏನ್ರಿ? ದವಾಖಾನ್ಯಾಗ ರಕ್ತ ತಪಾಸಣಿ ಕೆಲಸಕ್ಕ ಬಂದೀನ್ರಿ."

ಖಾಲಿ ಇದೆ ಎಂದೆ. ಹೆಸರು ಕೇಳಿದೆ. ಜೀವಕ ಎಂದ. ದವಾಖಾನೆಯ ಕೆಲಸ, ಜೀವಕನೆಂಬ ಹೆಸರು, ನನಗೆ ಇನ್ನೇನು ಬೇಕು? ಕಾಗೆ, ತಿಪ್ಪೆ, ರಾಜಕುಮಾರ ಎಲ್ಲವನ್ನೂ ರಸವತ್ತಾಗಿ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, "ನಮ್ಮಜ್ಜಾನೂ ಹಿಂಗೇ ಹೇಳ್ತಾರ್ರಿ" ಎಂದ. ಯಾವ ಅಜ್ಜ ಎಂದು ನಾನು ಕೇಳಲಿಲ್ಲ. ನನ್ನ ಬಾಯಿಂದ ಬಂದದ್ದು, "ಆಡನಾವ ಏನು?"

ಅವನು ಹೇಳಿದ. ಅದನ್ನಿಲ್ಲಿ ಬರೆಯುವುದಿಲ್ಲ, ಬರೆದರೆ ಅದರ ಅರ್ಥ ನೀವೂ ಕೇಳುವುದಿಲ್ಲ, ನಿಮಗೆ ಕೇರಿ ಗೊತ್ತಾಗಿಬಿಡುತ್ತದೆ. ನಾನು, "ತಮ್ಮಾ, ಖೋಲಿ ನಿನ್ನೇನೇ ಬ್ಯಾರೆಯವರಿಗಿ ಹೇಳಿಬಿಟ್ಟೀವಿ" ಎಂದೆ. ಖಾಲಿ ಇದೆ ಎಂದು ಹೇಳಿ ಐದು ನಿಮಿಷವಾಗಿತ್ತು. "ಆಗ್ಲಿ ರೀ ಕಾಕಾ" ಎಂದ. ಆ ದನಿಯಲ್ಲಿ ಬೇಸರವೂ ಇರಲಿಲ್ಲ. ರೂಢಿಯಾದವರ ದನಿ ಅದು.

ಹೆಂಡತಿ ಏನನ್ನುತ್ತಾಳೋ ಎಂದು ಹೆದರಿ ಹಾಗೆಂದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳ ಮುಂದೆಯೂ ಅದನ್ನೇ ಹೇಳಿದೆ. "ನನಗೆಲ್ಲಿ ಕೇಳೀರಿ ನೀವು?" ಎಂದು ಹಿಟ್ಟು ನಾದುತ್ತಲೇ ಅಂದಳು. ಆ ನೆಪವೂ ಹೋಯಿತು.

ಆ ಅಡ್ಡಹೆಸರು ಕಚರೂ ಗುರೂಜಿಯವರದೂ ಹೌದು ಎಂದು ನನಗೆ ಹೊಳೆಯಲೇ ಇಲ್ಲ. ನಲವತ್ತು ವರ್ಷ ಅವರನ್ನು ಗುರೂಜಿ ಎಂದೇ ಕರೆದಿದ್ದೆ, ಅವರ ಮನೆಮಕ್ಕಳ ಹೆಸರು ಒಮ್ಮೆಯೂ ಕೇಳಿರಲಿಲ್ಲ. ಅವರು ನಮ್ಮ ಮನೆಯಲ್ಲಿ ಚಹಾ ಕುಡಿದಿದ್ದಾರೆ. ಊಟ ಮಾಡಿದ್ದರೇ? ನೆನಪಿಲ್ಲ ಎನ್ನಬಹುದಿತ್ತು. ನೆನಪಿದೆ, ಮಾಡಿಲ್ಲ. ನಾನು ಕರೆದಿಲ್ಲ.

ಈ ದೀಪಾವಳಿ ಕಳೆದ ಮೇಲೆ ಗುರೂಜಿ ಉದಗೀರಿನಿಂದ ಫೋನ್ ಮಾಡಿದರು. "ಮೊಮ್ಮಗಗ ಹೆಣ್ಣಕೂಸ ಹುಟ್ಯಾದ. ಒಂದ ಹೆಸರ ಬೇಕಾಗ್ಯಾದ ನೋಡ್ರಿ."

ನನಗೆ ಹಬ್ಬವೇ ಆಯಿತು. ವಿಶಾಖಾ ಎಂದೆ, ಉತ್ಪಲಾ ಎಂದೆ. ಖೇಮಾ ಇಡಿ, ಕ್ಷೇಮವಾಗಿರುವವಳು ಎಂದರ್ಥ, ಇದಕ್ಕಿಂತ ಒಳ್ಳೆಯ ಹಾರೈಕೆ ಬೇಕೇ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಬ್ಯಾಡ್ರಿ. ನಮ್ಮ ಹೆಸರ ಬ್ಯಾಡ. ಕೇಳಿದವರಿಗಿ ನಾವು ಯಾರು ಅಂತ ಗೊತ್ತಾಗಬಾರದು, ಅಂಥಾದ್ದು ಹೇಳ್ರಿ. ಈ ಕೂಸಿನ ಅಪ್ಪ ಜೀವಕಗ ಉಮರ್ಗಾದಾಗ ಒಂದ ಖೋಲಿ ಸಿಗಲಿಲ್ಲ. ನಿಲಂಗಾದಾಗ ಇದ್ದು ದಿನಾ ಗಾಡಿಮ್ಯಾಗ ಹೋಗಿ ಬರ್ತಾನ. ಈಗ ಆಡನಾವ ತಗಸ್ಲಾಕ ಅರ್ಜಿ ಕೊಟ್ಟಾನ. ಜೀವಕ ಅನ್ನೂ ಹೆಸರೂ ತಗಸ್ತಾನಂತ."

ಆ ಹೆಸರು ಇಟ್ಟವರು ಗುರೂಜಿ, ಕಿತ್ತವನು ನಾನು. ಹೇಳಬಾರದೆಂದು ಎಷ್ಟು ಬಿಗಿಹಿಡಿದರೂ ಆಗಲಿಲ್ಲ.

"ಗುರೂಜಿ, ಅಂವಾ ಕೇಳಿದ ಖೋಲಿ ನಮ್ದೂ ಒಂದ..."

"ಗೊತ್ತದ್ರಿ" ಎಂದರು. "ಖೋಲಿ ಇಲ್ಲ ಅನ್ನೂಕಿನ್ನ ಮೊದಲ ಒಬ್ಬರು ಪೂರಾ ಕತಿ ಹೇಳಿದ್ರಜ್ಜಾ ಅಂದ. ಉಮರ್ಗಾದಾಗ ಆ ಕತಿ ಹೇಳಾವರು ಮತ್ತ್ಯಾರ ಇದ್ದಾರ?"

"ಗೊತ್ತಿದ್ದೂ ನನಗ್ಯಾಕ ಹೆಸರ ಕೇಳತೀರಿ?"

"ಯಾವ ಹೆಸರಿಗಿ ಬಾಗಲ ತೆಗಿತದ ಅನ್ನೂದು ಬಾಗಲ ಇದ್ದವರಿಗೇ ಗೊತ್ತಿರತದಲ್ರಿ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ಕೇಳುತ್ತಿದ್ದರು, ಕೂಸಿಗೋಸ್ಕರ.

ನಾನು ಒಂದು ಹೆಸರು ಹೇಳಿದೆ. ಎರಡೇ ಅಕ್ಷರ, ಯಾವ ಕೇರಿಯದೂ ಅಲ್ಲ, ಯಾವ ದೇವರದೂ ಅಲ್ಲ. ಅವರು ಎರಡು ಸಲ ಬಾಯಲ್ಲಿ ಅಂದುಕೊಂಡು, "ಛಂದ ಅದ" ಎಂದರು. ಅದರ ಅರ್ಥವೇನು ಎಂದು ಕೇಳಲಿಲ್ಲ.