ಇನ್ನ ಹಚ್ರಿ

ಹೋದ ಬೇಸಿಗೆಯ ಒಂದು ಮಧ್ಯಾಹ್ನ, ಕುಷ್ಟಗಿಯ ನಮ್ಮ ನೆರೆಮನೆ ಟೇಲರಮ್ಮನ ಪಡಸಾಲೆಯಲ್ಲಿ, ಮೈದಾ ಅಂಟು ಕುದಿಯುತ್ತಿದ್ದ ಸ್ಟೌ ಪಕ್ಕ ನಿಂತಿದ್ದೆ. ನನಗೂ ತಂಗಿಗೂ ಅವರು ಸ್ಕ್ರ್ಯಾಪ್‌ಬುಕ್ ಮಾಡಲು ಕಲಿಸುತ್ತಿದ್ದರು. ಬಟ್ಟೆಚೂರನ್ನು ಹಾಳೆಯ ಮೇಲೆ ಅತ್ತಿತ್ತ ಸರಿಸಿ, “ಮೊದಲ ಇಟ್ಟು ನೋಡ್ರಿ, ಆಮ್ಯಾಲ ಹಚ್ರಿ” ಎನ್ನುವರು.

ಅಂದು ನಾನು ಇಟ್ಟಿದ್ದು ತೀರಿಹೋದ ನಮ್ಮವ್ವನ ಒಂದೇ ಒಂದು ಫೋಟೋ.

“ಛಲೋ ಕುಂತೈತಿ. ಇನ್ನ ಹಚ್ರಿ” ಎಂದರು ಟೇಲರಮ್ಮ.

ಸೆಕೆಗೆ ಬೇಸತ್ತ ತಂಗಿ ಸ್ವಿಚ್ ಒತ್ತಿದಳು. ನಮ್ಮಲ್ಲಿ ಅಂಟಿಸುವುದಷ್ಟೇ ಅಲ್ಲ, ಫ್ಯಾನ್ ಹಾಕುವುದಕ್ಕೂ ಹಚ್ಚುವುದು ಅಂತಲೇ ಅನ್ನುತ್ತಾರೆ. ಫೋಟೋ ಸ್ಟೌ ಕಡೆಗೆ ಹಾರಿತು. ನನಗೆ ಅಲುಗಾಡಲಾಗಲಿಲ್ಲ. ಟೇಲರಮ್ಮ ಬರಿಗೈಯನ್ನು ಉರಿಗೆ ಅಡ್ಡ ಹಿಡಿದು ಫೋಟೋ ತಡೆದರು.

“ಫೋಟೋ ಹಚ್ಚಂದ್ರ ಫ್ಯಾನ್ ಹಚ್ಚತಿಯೇನ, ಖೋಡಿ!” ಎನ್ನುತ್ತ ಅವ್ವನ ಮುಖ ಒರೆಸಿದರು. ಅಂಗೈ ಕೆಂಪಾಗಿತ್ತು.

ಟೇಲರಮ್ಮನೂ ಈಗ ತೀರಿಹೋಗಿದ್ದಾರೆ. ಆ ಕೆಂಪು ಅಂಗೈ ಕಂಡ ತಂಗಿ ಇದ್ದಾಳೆ. ಫ್ಯಾನ್ ಹಚ್ಚುವ ಮೊದಲು ಇಂದಿಗೂ ‘ಹಚ್ಚಲೇನ?’ ಎಂಬಂತೆ ನನ್ನ ಮುಖ ನೋಡುತ್ತಾಳೆ.