ಗೆರೆಯ ಕೆಳಗಿನ ನೀರು

ಮನೆ ಒಡತಿ ಅಂದು ನೀರಿನ ಖರ್ಚಿನ ಮಾತೆತ್ತಿದ್ದರೋ ಇಲ್ಲವೋ, ನನಗಂತೂ ನೆನಪಿಲ್ಲ. ಕಲಬುರಗಿ ಬಿಡುವ ಮೊದಲು ಇಲ್ಲಿನ ಖರ್ಚು ತಿಳಿಯಲು ನಾನೊಬ್ಬನೇ ಬಂದು, ಗರುಡಾಚಾರ್‌ಪಾಳ್ಯದಲ್ಲಿ ದಿನವಿಡೀ ಮನೆ ನೋಡಿದ್ದೆ. ಬಾಡಿಗೆ, ಅಡ್ವಾನ್ಸು, ಮನೆ ಬಿಡುವಾಗ ಮುರಿದುಕೊಳ್ಳುವ ಪೇಂಟಿಂಗ್ ದುಡ್ಡು, ಹಾಲು, ಬಸ್ಸು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ಲೆಕ್ಕ ನಂಬಿ ಹೆಂಡತಿ ಅಲ್ಲಿನ ಶಾಲೆಯ ಕೆಲಸ ಬಿಟ್ಟು ನನ್ನೊಂದಿಗೆ ಇಲ್ಲಿಗೆ ಬಂದಳು.

ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತು. ಒಡತಿ ಟ್ಯಾಂಕರ್ ನೀರಿಗೆ ನಮ್ಮ ಪಾಲು ಕೇಳಿದಾಗ ಜಗಳಕ್ಕೆ ನಿಂತೆ.

“ಅವತ್ತೇ ಹೇಳಿದ್ನಲ್ಲ ಸಾರ್, ನೀವು ಬರ್ಕೊಂಡ್ರಿ ಕೂಡ,” ಎಂದರು.

“ಹಂಗಾದ್ರ ನೋಟ್‌ಬುಕ್ ತಗದು ನೋಡ್ರಿ,” ಎಂದಳು ಹೆಂಡತಿ, ದಣಿದ ದನಿಯಲ್ಲಿ.

ಅಂದು ನೋಡಲಿಲ್ಲ. ಮೊನ್ನೆ ನೋಡಿದೆ. ಒಟ್ಟು ಮೊತ್ತ ಬರೆದು ಎಳೆದ ಗೆರೆಯ ಕೆಳಗೆ, ನನ್ನದೇ ಅಕ್ಷರದಲ್ಲಿತ್ತು: ‘ಬೇಸಿಗೆಯಲ್ಲಿ ಟ್ಯಾಂಕರ್ ಬೇರೆ.’